ಖಾಲಿ ತೋಟಾ, ಹಳೆಯ ರೈಫಲ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋಗಲು ಸಿಗುವ ಮುಖ್ಯ ಅವಧಿ ಒಂಬತ್ತೇ ದಿನ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಅದು ಆರಂಭವಾಗುತ್ತದೆ. ಮುಗಿಯುವ ಹೊತ್ತಿಗೆ ನೆಲ ಹೆಪ್ಪುಗಟ್ಟಿರುತ್ತದೆ, ಸಂಜೆ ಐದಕ್ಕೆಲ್ಲ ಕತ್ತಲು. ಮುಂದೆ ಮಾರ್ಚ್‌ವರೆಗೂ ಬಯಲಿನ ಗುಂಡು ಹಾರಿಸುವ ಮೈದಾನಗಳು ಹಿಮದಡಿಯಲ್ಲಿರುತ್ತವೆ. ಆಗ ಕೋವಿಯ ಮೇಲೆ ಪ್ರೀತಿಯಿರುವವರು ಮನೆಯ ನೆಲಮಾಳಿಗೆಗೆ ಇಳಿಯುತ್ತಾರೆ. ಅಲ್ಲಿ ಗಟ್ಟಿಮುಟ್ಟಾದ ಒಂದು ಮೇಜು, ಅದಕ್ಕೆ ಬಿಗಿದ ಕಬ್ಬಿಣದ ಸನ್ನೆಯಂತ್ರ, ಒಂದು ಸಣ್ಣ ತಕ್ಕಡಿ, ಡಬ್ಬಿಗಳಲ್ಲಿ ಬೇಸಿಗೆಯಿಡೀ ಹೆಕ್ಕಿ ತಂದ ಖಾಲಿ ತೋಟಾಗಳು. ಗೋಡೆಯ ಪಕ್ಕದ ಕಪಾಟಿನಲ್ಲಿ ಅಜ್ಜನ ಕಾಲದ, ಎಷ್ಟೋ ಸಲ ಬೇರೆ ಯಾವುದೋ ದೇಶದ ಅಜ್ಜನ ಕಾಲದ, ಸೈನ್ಯದ ರೈಫಲುಗಳು.

ಹಾರಿಸಿದ ತೋಟಾವನ್ನು ಮತ್ತೆ ತುಂಬುವುದು ಮತ್ತು ಹಳೆಯ ರೈಫಲುಗಳನ್ನು ಸಂಗ್ರಹಿಸುವುದು ಎರಡು ಬೇರೆ ಹವ್ಯಾಸಗಳಂತೆ ಕಂಡರೂ ಒಂದನ್ನು ಬಿಟ್ಟು ಇನ್ನೊಂದು ಬಾಳುವುದು ಕಷ್ಟ. ನೂರು ವರ್ಷದ ಹಿಂದಿನ ರೈಫಲಿನ ಉಕ್ಕು, ಮರ ಎರಡೂ ಗಟ್ಟಿಯಾಗಿಯೇ ಉಳಿದಿರಬಹುದು. ಅದಕ್ಕೆ ಬೇಕಾದ ತೋಟಾವನ್ನು ಕಾರ್ಖಾನೆ ನಿಲ್ಲಿಸಿದ ದಿನ ಅದು ಗೋಡೆಗೆ ತೂಗುಹಾಕುವ ವಸ್ತುವಾಗುತ್ತದೆ. ತೋಟಾ ತುಂಬಬಲ್ಲ ಕೈ ಇದ್ದರೆ ಮಾತ್ರ ಅದು ರೈಫಲಾಗಿಯೇ ಉಳಿಯುತ್ತದೆ.

ತೋಟಾದಲ್ಲಿ ನಾಲ್ಕು ಭಾಗಗಳಿವೆ. ಹೊರಗಿನ ಹಿತ್ತಾಳೆಯ ಕೇಸು, ಅದರ ತಳದ ಗುಳಿಯಲ್ಲಿ ಕೂರುವ ಕೇಪು, ಒಳಗಿನ ಮದ್ದು, ಬಾಯಲ್ಲಿ ಸಿಕ್ಕಿಸಿದ ಗುಂಡು. ಕುದುರೆ ಎಳೆದಾಗ ಸೂಜಿ ಬಂದು ಕೇಪನ್ನು ಕುಟ್ಟುತ್ತದೆ, ಕೇಪಿನ ಕಿಡಿ ಮದ್ದಿಗೆ ತಾಗುತ್ತದೆ, ಮದ್ದು ಉರಿದು ಹುಟ್ಟಿದ ಅನಿಲ ಗುಂಡನ್ನು ನಳಿಗೆಯಿಂದ ಹೊರದಬ್ಬುತ್ತದೆ. ಈ ನಾಲ್ಕರಲ್ಲಿ ಕೇಪು ಸುಟ್ಟಿತು, ಮದ್ದು ಉರಿದುಹೋಯಿತು, ಗುಂಡು ಗುರಿಯ ಹಿಂದಿನ ಮಣ್ಣದಿಬ್ಬ ಸೇರಿತು. ಉಳಿಯುವುದು ಹಿತ್ತಾಳೆ. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ಸುಮಾರು 70 ಪಾಲು ತಾಮ್ರ, 30 ಪಾಲು ಸತು ಸೇರಿದ ಈ ಲೋಹ ಒತ್ತಡಕ್ಕೆ ಹಿಗ್ಗಿ ನಳಿಗೆಯ ಗೂಡಿಗೆ ಅಂಟಿಕೊಂಡು ಅನಿಲವನ್ನು ತಡೆಯುತ್ತದೆ, ಮರುಕ್ಷಣ ತುಸು ಕುಗ್ಗಿ ಸಡಿಲವಾಗಿ ಹೊರಬರುತ್ತದೆ. ಹಿಗ್ಗಿ ಕುಗ್ಗುವ ಈ ಗುಣದಿಂದಲೇ ಒಂದೇ ಕೇಸನ್ನು ಹಲವು ಸಲ ಬಳಸಬಹುದು.

ಎಲ್ಲ ಕೇಸುಗಳೂ ಮರುಬಳಕೆಗೆ ಒಗ್ಗುವುದಿಲ್ಲ. ಅದು ಕೇಪಿನ ಮೇಲೆ ನಿಂತಿದೆ. ಒಂದು ಬಗೆಯ ಕೇಪನ್ನು ರೂಪಿಸಿದವನು ಬ್ರಿಟಿಷ್ ಸೇನೆಯ ಎಡ್ವರ್ಡ್ ಬಾಕ್ಸರ್, ಇನ್ನೊಂದನ್ನು ಅಮೆರಿಕದ ಹೈರಮ್ ಬರ್ಡನ್. ಬಾಕ್ಸರ್ ಬಗೆಯಲ್ಲಿ ಕೇಸಿನ ತಳಕ್ಕೆ ನಟ್ಟನಡುವೆ ಒಂದೇ ರಂಧ್ರ. ಒಳಗಿನಿಂದ ಕಡ್ಡಿ ತೂರಿಸಿ ಒತ್ತಿದರೆ ಸುಟ್ಟ ಕೇಪು ಕಳಚಿ ಬೀಳುತ್ತದೆ. ಬರ್ಡನ್ ಬಗೆಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ರಂಧ್ರಗಳು, ನಡುವೆ ಹಿತ್ತಾಳೆಯದೇ ಒಂದು ಮೊಳೆ. ಅದನ್ನು ಬಿಚ್ಚುವುದು ಬಲು ಕಿರಿಕಿರಿಯ ಕೆಲಸ. ಅಮೆರಿಕನ್ನನ ವಿನ್ಯಾಸ ಯುರೋಪಿನ ಸೇನೆಗಳಲ್ಲಿ ಹಬ್ಬಿತು, ಇಂಗ್ಲಿಷನ ವಿನ್ಯಾಸ ಅಮೆರಿಕದಲ್ಲಿ ಬೇರುಬಿಟ್ಟಿತು. ಅಮೆರಿಕದಲ್ಲಿ ಈ ಹವ್ಯಾಸ ಮನೆಮಾತಾಗಲು ಇದೂ ಒಂದು ಕಾರಣ.

ಕೆಲಸ ಶುರುವಾಗುವುದು ಕಣ್ಣಿನಿಂದ. ಪ್ರತಿ ಕೇಸನ್ನೂ ದೀಪದಡಿ ತಿರುಗಿಸಿ ಬಿರುಕು, ತಗ್ಗು, ತಳದ ಹತ್ತಿರ ಹೊಳೆಯುವ ಗೆರೆ ಇವೆಯೇ ಎಂದು ನೋಡಬೇಕು. ಆಮೇಲೆ ತೊಳೆತ. ಅಲುಗಾಡುವ ಬೋಗುಣಿಗೆ ಮೆಕ್ಕೆಜೋಳದ ದಿಂಡಿನ ತರಿ ಅಥವಾ ಅಕ್ರೋಟು ಸಿಪ್ಪೆಯ ಪುಡಿ ಸುರಿದು, ಕೇಸುಗಳನ್ನು ಅದರೊಳಗೆ ಗಂಟೆಗಟ್ಟಲೆ ಹೊರಳಾಡಿಸುತ್ತಾರೆ. ನೀರಿನಲ್ಲಿ ತೊಳೆಯುವವರು ಚಿಟಿಕೆ ಸಿಟ್ರಿಕ್ ಆಮ್ಲ ಹಾಕುತ್ತಾರೆ. ನಮ್ಮ ಮನೆಗಳಲ್ಲಿ ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು ತಿಕ್ಕುವುದೂ ಆಮ್ಲದ ಇದೇ ಗುಣವನ್ನು ನಂಬಿ.

ಆದರೆ ಅಮೋನಿಯ ಇರುವ ಪಾಲಿಶನ್ನು ತೋಟಾದ ಹಿತ್ತಾಳೆಗೆ ಸೋಕಿಸಬಾರದು. ಈ ಪಾಠ ಕಲಿಸಿದ್ದು ಭಾರತದ ಮಳೆಗಾಲ. ಬ್ರಿಟಿಷರ ಕಾಲದಲ್ಲಿ ಮಳೆ ಹಿಡಿದಾಗ ಸೇನೆಯ ಓಡಾಟ ನಿಲ್ಲುತ್ತಿತ್ತು, ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಕಳೆದು ಪೆಟ್ಟಿಗೆ ತೆರೆದರೆ, ಹಾರಿಸದ ತೋಟಾಗಳ ಕೇಸುಗಳೇ ಸೀಳಿರುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಬಿರುಕೆಂದು ಅದಕ್ಕೆ ಹೆಸರೂ ಬಿತ್ತು. ಕುದುರೆಯ ಗಂಜಲದಿಂದ ಏಳುವ ಅಮೋನಿಯ ತೇವದ ಜೊತೆ ಸೇರಿ, ಎಳೆದು ರೂಪಿಸುವಾಗ ಹಿತ್ತಾಳೆಯೊಳಗೆ ಉಳಿದಿದ್ದ ಬಿಗಿತವನ್ನು ಹಿಡಿದು ಲೋಹವನ್ನು ಸೀಳುತ್ತಿತ್ತೆಂದು ಬ್ರಿಟಿಷ್ ಲೋಹತಜ್ಞರು 1921ರಲ್ಲಿ ವಿವರಿಸಿದರು. ಕೇಸನ್ನು ಹದವಾಗಿ ಕಾಯಿಸಿದರೆ ಆ ಬಿಗಿತ ಇಳಿಯುತ್ತದೆ. ಇಂದಿಗೂ ಸೈನ್ಯದ ತೋಟಾಗಳ ಕತ್ತಿನ ಸುತ್ತ ನೀಲಿ ಕಂದು ಛಾಯೆಯ ಪಟ್ಟಿ ಕಾಣುವುದು ಆ ಕಾಯಿಸುವಿಕೆಯ ಗುರುತು. ನೆಲಮಾಳಿಗೆಯ ಹವ್ಯಾಸಿಯೂ ನಾಲ್ಕಾರು ಸಲ ಬಳಸಿದ ಕೇಸಿನ ಕತ್ತನ್ನು ಸಣ್ಣ ಜ್ವಾಲೆಯಲ್ಲಿ ತಿರುಗಿಸಿ ಕಾಯಿಸುತ್ತಾನೆ. ಇಲ್ಲವಾದರೆ ಹಿತ್ತಾಳೆ ಗಡುಸಾಗಿ ಕತ್ತು ಸೀಳುತ್ತದೆ.

ತೊಳೆದ ಕೇಸಿಗೆ ತೆಳುವಾಗಿ ಜಿಡ್ಡು ಸವರಿ, ಸನ್ನೆಯಂತ್ರದಲ್ಲಿ ಕೂರಿಸಿದ ಉಕ್ಕಿನ ಅಚ್ಚಿನೊಳಗೆ ಒತ್ತುತ್ತಾರೆ. ಹಿಗ್ಗಿದ ಕೇಸು ಮೊದಲಿನ ಅಳತೆಗೆ ಬರುತ್ತದೆ, ಅದೇ ಒತ್ತಿನಲ್ಲಿ ಹಳೆಯ ಕೇಪೂ ಹೊರಬೀಳುತ್ತದೆ. ಜಿಡ್ಡು ಕಡಿಮೆಯಾದರೆ ಕೇಸು ಅಚ್ಚಿನಲ್ಲೇ ಕಚ್ಚಿಕೊಂಡು ಇಡೀ ಸಂಜೆ ಹಾಳು. ಹಿಗ್ಗಿ ಉದ್ದವಾದ ಕೇಸನ್ನು ಕತ್ತರಿಸಿ ಅಳತೆಗೆ ತಂದು, ಬಾಯಿಯ ಒರಟು ಅಂಚನ್ನು ಹೆರೆಯಬೇಕು. ಬಳಿಕ ಹೊಸ ಕೇಪು. ಅದು ತಳಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂರಬೇಕು. ಅನುಭವಿಗಳು ಕಣ್ಣಿಗಿಂತ ಬೆರಳ ತುದಿಯನ್ನು ನಂಬುತ್ತಾರೆ, ಪ್ರತಿ ತಳವನ್ನೂ ಸವರಿ ನೋಡುತ್ತಾರೆ.

ಮದ್ದನ್ನು ತೂಗುವ ಅಳತೆಗೆ ಗ್ರೇನ್ ಎಂದು ಹೆಸರು. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕದ ಅರ್ಧಕ್ಕಿಂತ ತುಸು ಹೆಚ್ಚು. ತಕ್ಕಡಿ ಇದರ ಹತ್ತನೇ ಒಂದು ಪಾಲನ್ನೂ ತೋರಿಸಬೇಕು. ಯಾವ ಮದ್ದು, ಯಾವ ಗುಂಡಿಗೆ, ಎಷ್ಟು ಎಂಬುದನ್ನು ತಯಾರಕರು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಕೈಪಿಡಿಗಳಲ್ಲಿ ಅಚ್ಚು ಹಾಕುತ್ತಾರೆ. ಕೈಪಿಡಿ ಹೇಳಿದ ಕನಿಷ್ಠದಿಂದ ಆರಂಭಿಸಿ, ಹಾರಿಸಿದ ಕೇಸನ್ನು ಪರೀಕ್ಷಿಸುತ್ತ ಹೋಗುವುದು ಈ ಕಸುಬಿನ ಮೊದಲ ನಿಯಮ. ಊಹೆಗೆ ಇಲ್ಲಿ ಎಡೆಯೇ ಇಲ್ಲ. ಕೊನೆಯಲ್ಲಿ ಗುಂಡನ್ನು ಬಾಯಿಗಿಟ್ಟು ನಿಗದಿತ ಆಳಕ್ಕೆ ಒತ್ತಿದರೆ ತೋಟಾ ಸಿದ್ಧ. ಒಂದು ಸಂಜೆಗೆ ಐವತ್ತು ತೋಟಾ ಸಾವಧಾನವಾಗಿ ತುಂಬಿದವನು ಒಳ್ಳೆಯ ಕೆಲಸ ಮಾಡಿದಂತೆಯೇ ಲೆಕ್ಕ.

ಈ ಪದ್ಧತಿ ಹುಟ್ಟಿದ್ದು ಬಿಡುವಿನ ಹವ್ಯಾಸವಾಗಿಯಲ್ಲ. 1870ರ ದಶಕದಲ್ಲಿ ಅಮೆರಿಕದ ಹುಲ್ಲುಗಾವಲುಗಳಲ್ಲಿ ಕಾಡೆಮ್ಮೆಗಳನ್ನು ಕೊಂದು ಚರ್ಮ ಮಾರುತ್ತಿದ್ದ ಬೇಟೆಗಾರರಿಗೆ ಅಂಗಡಿ ನೂರಾರು ಮೈಲಿ ದೂರ. ಸೀಸದ ಗಟ್ಟಿ, ಮದ್ದಿನ ಡಬ್ಬ, ಕೇಪು, ಕೈಯಲ್ಲಿ ಹಿಡಿಯುವ ಇಕ್ಕಳದಂಥ ಸಲಕರಣೆ ಅವರ ಬಂಡಿಯಲ್ಲೇ ಇರುತ್ತಿದ್ದವು. ರಾತ್ರಿ ಬೆಂಕಿಯ ಬೆಳಕಿನಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ದು ನಾಳೆಯ ತೋಟಾ ತುಂಬುತ್ತಿದ್ದರು. ಆ ಬೇಟೆ ಒಂದು ಪ್ರಾಣಿಸಂಕುಲವನ್ನೇ ಅಳಿವಿನ ಅಂಚಿಗೆ ತಳ್ಳಿತೆಂಬುದನ್ನು ಮರೆತು ಈ ಕಥೆ ಹೇಳುವುದು ಸರಿಯಲ್ಲ.

ಹವ್ಯಾಸದ ರೂಪ ಬಂದದ್ದು ಎರಡನೇ ಮಹಾಯುದ್ಧದ ಬೆನ್ನಿಗೆ. ಸೈನ್ಯಕ್ಕೆಂದು ಮಾಡಿದ್ದ ಮದ್ದು ರಾಶಿರಾಶಿಯಾಗಿ ಮಿಕ್ಕಿತ್ತು. ಕಾನ್ಸಾಸ್ ರಾಜ್ಯದ ಬ್ರೂಸ್ ಹಾಡ್ಜ್‌ಡನ್ ಎಂಬಾತ 4895 ಎಂಬ ಸೈನಿಕ ಮದ್ದನ್ನು ಸರ್ಕಾರದಿಂದ ಸಗಟಾಗಿ ಕೊಂಡು ಹವ್ಯಾಸಿಗಳಿಗೆ ಅಗ್ಗವಾಗಿ ಮಾರತೊಡಗಿದ. ಆತ ಕಟ್ಟಿದ ಸಂಸ್ಥೆ ಈಗಲೂ ಇದೆ, ಅದೇ ಸಂಖ್ಯೆಯ ಮದ್ದನ್ನು ಈಗಲೂ ಮಾರುತ್ತದೆ. ಕ್ಯಾಲಿಫೋರ್ನಿಯದ ಫ್ರೆಡ್ ಹಂಟಿಂಗ್‌ಟನ್ ಆರ್‌ಸಿಬಿಎಸ್ ಹೆಸರಿನಲ್ಲಿ ಅಚ್ಚು, ಯಂತ್ರಗಳನ್ನು ತಯಾರಿಸಿದ. ಭಾರದ ಯಂತ್ರ ಕೊಳ್ಳಲಾಗದವರಿಗೆ ವಿಸ್ಕಾನ್ಸಿನ್ನಿನ ರಿಚರ್ಡ್ ಲೀ 1958ರಲ್ಲಿ ರೂಪಿಸಿದ ಪುಟ್ಟ ಪೆಟ್ಟಿಗೆ ಬಂತು. ಅದರಲ್ಲಿದ್ದ ಅಚ್ಚನ್ನು ಬಳಸಲು ಒಂದು ಮರದ ಸುತ್ತಿಗೆ ಸಾಕಿತ್ತು. ಅಡುಗೆಮನೆಯ ಮೇಜಿನ ಮೇಲೆ ಟಕಟಕ ಕುಟ್ಟುತ್ತ ತೋಟಾ ತುಂಬಲು ಕಲಿತವರು ಆ ಪೀಳಿಗೆಯಲ್ಲಿ ಬಹಳ.

ಅದೇ ಹೊತ್ತಿನಲ್ಲಿ ಹಳೆಯ ರೈಫಲುಗಳೂ ಹರಿದುಬಂದವು. ಯುರೋಪಿನ ಸೇನೆಗಳು ಪ್ರತಿ ಸಲವೂ ಕೈಯಿಂದ ಬೋಲ್ಟ್ ಎಳೆದು ತುಂಬುವ ರೈಫಲುಗಳನ್ನು ಬಿಟ್ಟು ತಾನಾಗಿ ತುಂಬಿಕೊಳ್ಳುವ ಆಯುಧಗಳಿಗೆ ಹೊರಳಿದ್ದರಿಂದ ಉಗ್ರಾಣಗಳು ತುಂಬಿ ತುಳುಕುತ್ತಿದ್ದವು. ವರ್ಜೀನಿಯ ರಾಜ್ಯದ ಅಲೆಕ್ಸಾಂಡ್ರಿಯದಲ್ಲಿ ಸ್ಯಾಮ್ ಕಮ್ಮಿಂಗ್ಸ್ ಕಟ್ಟಿದ ಇಂಟರಾರ್ಮ್ಸ್ ಸಂಸ್ಥೆ ಇವನ್ನು ಹಡಗುಗಟ್ಟಲೆ ತರಿಸಿತು. ಟಪಾಲಿನಲ್ಲಿ ಹಣ ಕಳಿಸಿದರೆ ರೈಫಲ್ ಮನೆ ಬಾಗಿಲಿಗೆ ಬರುತ್ತಿದ್ದ ಕಾಲ ಅದು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಗೆ ಬಳಕೆಯಾದದ್ದೂ ಹಾಗೆ ಟಪಾಲಿನಲ್ಲಿ ತರಿಸಿದ ಇಟಲಿಯ ಹಳೆಯ ಕಾರ್ಕಾನೊ ರೈಫಲ್. 1968ರ ಕಾಯ್ದೆ ಟಪಾಲು ವ್ಯಾಪಾರವನ್ನೂ ಸೈನ್ಯದ ಹಳೆಯ ಬಂದೂಕುಗಳ ಆಮದನ್ನೂ ಮುಚ್ಚಿತು. 1980ರ ದಶಕದಲ್ಲಿ ಆಮದಿನ ನಿಯಮ ಸಡಿಲವಾಯಿತು. ಈಗ ಅಲ್ಲಿ 50 ವರ್ಷ ದಾಟಿದ ಬಂದೂಕುಗಳಿಗೆಂದೇ ಸಂಗ್ರಾಹಕರ ಪರವಾನಗಿ ಇದೆ. ಮೂರು ವರ್ಷಕ್ಕೆ 30 ಡಾಲರ್ ಶುಲ್ಕ, ಬಂದದ್ದು ಹೋದದ್ದೆಲ್ಲ ದಾಖಲಾಗುವ ಲೆಕ್ಕದ ಪುಸ್ತಕ ಕಡ್ಡಾಯ. 1898 ಅಥವಾ ಅದಕ್ಕೂ ಮುಂಚೆ ತಯಾರಾದವು ಕಾನೂನಿನ ಕಣ್ಣಿಗೆ ಪುರಾತನ ವಸ್ತುಗಳು.

ಆ ಹರಿವಿನ ಕಾಲದಲ್ಲಿ ಒಂದು ದೊಡ್ಡ ನಷ್ಟವೂ ಆಯಿತು. ಬೆಲೆ ಅಗ್ಗವಾದ್ದರಿಂದ ಜನ ಸೈನ್ಯದ ರೈಫಲಿನ ಮುಂಭಾಗದ ಮರ ಕೊಯ್ದು, ನಳಿಗೆ ಗಿಡ್ಡ ಮಾಡಿ, ಮುದ್ರೆಗಳನ್ನು ಉಜ್ಜಿ ತೆಗೆದು ಬೇಟೆಯ ಕೋವಿ ಮಾಡಿಕೊಂಡರು. ಹಾಗೆ ಕೊಯ್ದದ್ದನ್ನು ಮರಳಿ ಮೂಲರೂಪಕ್ಕೆ ತರುವುದು ಬಹುಪಾಲು ಅಸಾಧ್ಯ. ಇಂದು ಸಂಗ್ರಾಹಕರು ಮೊದಲು ಹುಡುಕುವುದು ಯಾರೂ ಕೈ ಹಚ್ಚದ ರೈಫಲನ್ನು. ಬೋಲ್ಟಿನ ಹಿಡಿಯ ಮೇಲಿನ ಸಂಖ್ಯೆಯೂ ಅದು ಕೂರುವ ಉಕ್ಕಿನ ಚೌಕಟ್ಟಾದ ರಿಸೀವರಿನ ಸಂಖ್ಯೆಯೂ ಒಂದೇ ಆಗಿದ್ದರೆ ಕಣ್ಣರಳುತ್ತದೆ. ಸುಲಭಕ್ಕೆ ಮೋಸ ಹೋಗುವ ಜಾಗವೂ ಅದೇ. ಹಳೆಯ ಅಂಕಿ ಅಳಿಸಿ ಹೊಸದು ಕೊರೆದವು, ಸಾಮಾನ್ಯ ರೈಫಲಿಗೆ ದುರ್ಬೀನು ಕೂರಿಸಿ ಗುರಿಕಾರನದೆಂದು ಮಾರುವವು ಪೇಟೆಯಲ್ಲಿ ಧಾರಾಳವಾಗಿವೆ. ಅಂಕಿಯ ಅಂಚು ಚೂಪಾಗಿದೆಯೇ, ಸುತ್ತಲಿನ ಉಕ್ಕಿನ ಬಣ್ಣ ಹೊಂದುತ್ತದೆಯೇ ಎಂದು ಭೂತಗನ್ನಡಿ ಹಿಡಿದು ನೋಡುವುದು ಸಂಗ್ರಾಹಕನ ಅರ್ಧ ವಿದ್ಯೆ.

ಭಾರತೀಯರಿಗೆ ಹೆಚ್ಚು ಪರಿಚಯವಿರುವ ಹಳೆಯ ರೈಫಲ್ ಲೀ ಎನ್‌ಫೀಲ್ಡ್, ನಮ್ಮ ಪೊಲೀಸರ 'ತ್ರೀ ನಾಟ್ ತ್ರೀ'. ಅದರ ಬೋಲ್ಟ್ ವ್ಯವಸ್ಥೆ ಮತ್ತು ಕಳಚಬಹುದಾದ ಮ್ಯಾಗಜೀನನ್ನು ಕಲ್ಪಿಸಿದ ಜೇಮ್ಸ್ ಪ್ಯಾರಿಸ್ ಲೀ 1831ರಲ್ಲಿ ಸ್ಕಾಟ್ಲೆಂಡಿನ ಹಾಯಿಕ್‌ನಲ್ಲಿ ಹುಟ್ಟಿದವನು. ಕೆನಡಾದಲ್ಲಿ ಬೆಳೆದು, ಗಡಿಯಾರ ರಿಪೇರಿ ಕಲಿತು, ನೆಲೆಸಿದ್ದು ಇದೇ ವಿಸ್ಕಾನ್ಸಿನ್ನಿನಲ್ಲಿ. 1888ರಲ್ಲಿ ಬ್ರಿಟಿಷ್ ಸೇನೆ ಅವನ ಬೋಲ್ಟನ್ನು ಮೆಟ್‌ಫೋರ್ಡ್ ಬಗೆಯ ನಳಿಗೆಗೆ ಜೋಡಿಸಿತು. ಅಷ್ಟರಲ್ಲಿ ಕಪ್ಪು ಮದ್ದಿನ ಜಾಗಕ್ಕೆ ಕಾರ್ಡೈಟ್ ಬಂತು. ಅದು ಪುಡಿಯಲ್ಲ, ಒಣ ಶಾವಿಗೆಯ ಎಳೆಗಳ ಕಟ್ಟಿನಂತೆ ಕಾಣುವ ಮದ್ದು. ಅದರ ಉರಿಯ ಕಾವಿಗೆ ಮೆಟ್‌ಫೋರ್ಡ್ ನಳಿಗೆಯೊಳಗಿನ ಆಳವಿಲ್ಲದ ಸುರುಳಿ ಗೀರುಗಳು ಬೇಗ ಸವೆದವು. ಎನ್‌ಫೀಲ್ಡಿನ ಕಾರ್ಖಾನೆ ಆಳವಾದ ಐದು ಗೀರುಗಳ ನಳಿಗೆ ಮಾಡಿದ ಮೇಲೆ, 1895ರಲ್ಲಿ, ಲೀ ಎನ್‌ಫೀಲ್ಡ್ ಹುಟ್ಟಿತು. ದಕ್ಷಿಣ ಭಾರತದ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಏಳಲು, ಬಂಗಾಳದ ಇಶಾಪುರದಲ್ಲಿ ರೈಫಲ್ ಕಾರ್ಖಾನೆ ಏಳಲು ಇದೇ ರೈಫಲ್ ಕಾರಣ.

ಇಶಾಪುರದಲ್ಲಿ ಹುಟ್ಟಿದ ರೈಫಲುಗಳು ಇಂದು ಅಮೆರಿಕ, ಕೆನಡಾಗಳ ನೆಲಮಾಳಿಗೆಗಳಲ್ಲಿ ಸಾಕಷ್ಟಿವೆ, ಅವುಗಳ ಮೈಮೇಲೆ ನಮ್ಮ ದೇಶದ ಚರಿತ್ರೆ ಓದಬಹುದು. ಹಿಡಿಯ ಮುಂದಿನ ಉಕ್ಕಿನ ಪಟ್ಟಿಯ ಮೇಲೆ ಕಿರೀಟ, ಅದರಡಿ 'ಜಿ ಆರ್ ಐ' ಎಂಬ ಅಕ್ಷರಗಳಿದ್ದರೆ ಅದು ಚಕ್ರವರ್ತಿ ಜಾರ್ಜನ ಕಾಲದ್ದು. ಸ್ವಾತಂತ್ರ್ಯ ಬಂದ ಮೇಲಿನವುಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು, ಕೆಳಗೆ 'ಆರ್ ಎಫ್ ಐ'. ಮುಂಭಾಗದ ಮರದಲ್ಲಿ ಅಡ್ಡಲಾಗಿ ತೂರಿದ ಒಂದು ತಿರುಪು ಕಂಡರೆ ಬಲ್ಲವರು ಇಶಾಪುರದ್ದೆಂದು ಗುರುತಿಸುತ್ತಾರೆ. ಮರ ಸೀಳದಂತೆ ಹಾಕಿದ ಬಂದೋಬಸ್ತು ಅದು. 1962ರ ಚೀನಾ ಯುದ್ಧದ ಬಳಿಕ ಇಶಾಪುರ ಇದೇ ವಿನ್ಯಾಸವನ್ನು ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ 2ಎ ಮತ್ತು 2ಎ1 ಎಂಬ ರೈಫಲುಗಳನ್ನು ಮಾಡಿತು. ಹಳೆಯ .303ಗಳನ್ನೇ ಕೊರೆದು ಮಾಡಿದ್ದೆಂಬ ಮಾತು ಪಶ್ಚಿಮದಲ್ಲಿ ಬಹುಕಾಲ ಹರಿದಾಡಿತು. ಅದು ತಪ್ಪು, ಅವು ಹೊಸದಾಗಿ ತಯಾರಾದವು. ಖಾಲಿ ತೋಟಾದ ತಳದಲ್ಲಿ 'ಕೆ ಎಫ್' ಎಂದು ಒತ್ತಿದ್ದರೆ ಅದು ಪುಣೆಯ ಖಡ್ಕಿ ಕಾರ್ಖಾನೆಯ ಹಿತ್ತಾಳೆ.

ರೈಫಲ್ ಮತ್ತು ತೋಟಾ ತುಂಬುವ ಮೇಜು ಹೇಗೆ ಒಂದನ್ನೊಂದು ಅರಿಯಬೇಕೆಂಬುದಕ್ಕೆ ಈ .303ಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಯುದ್ಧದ ಕೆಸರಿನಲ್ಲೂ ತೋಟಾ ಸಿಕ್ಕಿಕೊಳ್ಳಬಾರದೆಂದು ಅದರ ಗೂಡನ್ನು ಸಡಿಲವಾಗಿ ಕೊರೆದಿದ್ದರು. ಒಮ್ಮೆ ಹಾರಿಸಿ ಎಸೆಯುವ ಸೈನಿಕನಿಗೆ ಅದರಿಂದ ತೊಂದರೆಯಿಲ್ಲ. ಅದೇ ಕೇಸನ್ನು ಮತ್ತೆ ಮತ್ತೆ ಬಳಸುವವನಿಗೆ ಮಾತ್ರ ತೊಂದರೆ. ಹಾರಿದಾಗ ಕೇಸು ಸಡಿಲ ಗೂಡಿನಷ್ಟು ಹಿಗ್ಗುತ್ತದೆ. ಅಚ್ಚಿನಲ್ಲಿ ಪೂರ್ತಿ ಕುಗ್ಗಿಸಿ ಮತ್ತೆ ಹಾರಿಸಿದರೆ ಮತ್ತೆ ಹಿಗ್ಗುತ್ತದೆ. ಹೀಗೆ ಕೆಲವೇ ಸಲ ಎಳೆದಾಡಿದರೆ ತಳದ ತುಸು ಮೇಲೆ ಗೋಡೆ ತೆಳುವಾಗಿ, ಒಂದು ದಿನ ತಳ ಬೇರೆ ಮೈ ಬೇರೆಯಾಗಿ ತುಂಡರಿಸುತ್ತದೆ. ಇದನ್ನು ಮೊದಲೇ ಹಿಡಿಯುವ ಸಾಧನ ಒಂದು ಕಾಗದದ ಕ್ಲಿಪ್. ಅದನ್ನು ನೆಟ್ಟಗೆ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಕೇಸಿನೊಳಗೆ ಇಳಿಸಿ ಗೋಡೆಗುಂಟ ಮೇಲೆಳೆಯುತ್ತಾರೆ. ತೆಳುವಾದ ಕಡೆ ತಂತಿಯ ಮೊನೆ ಸಣ್ಣ ಕಾಲುವೆಗೆ ಬಿದ್ದಂತೆ ತಡೆಯುತ್ತದೆ. ತಡೆದರೆ ಆ ಕೇಸು ಗುಜರಿಗೆ. ಪರಿಹಾರವೂ ಸರಳ. ಮೈಯನ್ನು ಮುಟ್ಟದೆ, ಗುಂಡು ಹಿಡಿಯುವ ಕತ್ತನ್ನಷ್ಟೇ ಕುಗ್ಗಿಸಿದರೆ ಕೇಸು ಆ ಒಂದೇ ರೈಫಲಿನ ಗೂಡಿಗೆ ಅಳತೆ ಹೊಲಿದ ಅಂಗಿಯಂತೆ ಹೊಂದಿಕೊಂಡು ಎಷ್ಟೋ ಪಟ್ಟು ಬಾಳಿಕೆ ಬರುತ್ತದೆ. ಬೇರೊಂದು ಎನ್‌ಫೀಲ್ಡಿಗೆ ಮಾತ್ರ ಅದು ಹೊಂದದೆ ಹೋಗಬಹುದು. ಆದ್ದರಿಂದ ಒಂದೊಂದು ರೈಫಲಿಗೂ ಒಂದೊಂದು ಡಬ್ಬಿ, ಮೇಲೆ ಹೆಸರಿನ ಚೀಟಿ.

ಬೇರೆ ದೇಶಗಳ ರೈಫಲುಗಳೂ ತಮ್ಮ ಗುರುತು ಹೊತ್ತು ಬರುತ್ತವೆ. ಸ್ವೀಡನ್ನಿನ ಮೌಸರಿನ ಹಿಡಿಗೆ ಒಂದು ಹಿತ್ತಾಳೆ ಬಿಲ್ಲೆ ಜಡಿದಿರುತ್ತದೆ. ನಳಿಗೆ ಎಷ್ಟು ಸವೆದಿದೆ, ಸ್ಥಿತಿ ಹೇಗಿದೆ ಎಂದು ಸೇನೆಯ ಪರೀಕ್ಷಕ ಅದರ ಮೇಲೆ ಗುರುತು ಹಾಕುತ್ತಿದ್ದ. ಫಿನ್ಲೆಂಡಿನದು ಇನ್ನೂ ಸ್ವಾರಸ್ಯದ್ದು. ರಷ್ಯಾದ ಆಳ್ವಿಕೆಯಿಂದ ಬಿಡಿಸಿಕೊಂಡಾಗ ಉಳಿದ, ಯುದ್ಧದಲ್ಲಿ ವಶವಾದ ಮೋಸಿನ್ ನಾಗಾಂಟ್ ರಿಸೀವರುಗಳಿಗೆ ಫಿನ್ನರು ತಮ್ಮ ನಳಿಗೆ, ತಮ್ಮ ಮರ ಹಾಕಿ ಎಂ39ನಂಥ ಉತ್ತಮ ರೈಫಲ್ ಕಟ್ಟಿದರು. ನಳಿಗೆಯ ಮೇಲೆ 1942 ಎಂದಿದ್ದರೂ, ತಿರುಪು ಬಿಚ್ಚಿ ಮರದಿಂದ ಎತ್ತಿದರೆ ರಿಸೀವರಿನ ಬಾಲದಡಿ 1890ರ ದಶಕದ ಇಸವಿ ಸಿಗಬಹುದು. ಸ್ವಿಟ್ಜರ್ಲೆಂಡಿನ ಕೆ31 ರೈಫಲಿನ ಹಿಡಿಯ ತಳಕ್ಕೆ ಉಕ್ಕಿನ ತಗಡಿದೆ. ಎರಡು ತಿರುಪು ತೆಗೆದು ಅದನ್ನು ಎತ್ತಿದರೆ ಕೆಲವೊಮ್ಮೆ ಒಳಗೆ ಮಡಚಿದ ಚೀಟಿ ಇರುತ್ತದೆ, ಅದನ್ನು ಹೊತ್ತ ಸೈನಿಕನ ಹೆಸರು, ತುಕಡಿ, ಊರು ಬರೆದಿರುತ್ತದೆ. ಮೂಸಿದರೆ ಹಳೆಯ ಮರದ ವಾಸನೆ. ಸಂಗ್ರಾಹಕರು ಆ ಚೀಟಿಯನ್ನು ಓದಿ, ಫೋಟೊ ತೆಗೆದು, ಮತ್ತೆ ಅಲ್ಲೇ ಇಟ್ಟು ತಿರುಪು ಹಾಕುತ್ತಾರೆ. ಈ ಹವ್ಯಾಸದ ಅತ್ಯಂತ ಒಳ್ಳೆಯ ರೂಢಿ ಇದು.

ಸೋವಿಯತ್ ಉಗ್ರಾಣಗಳಿಂದ ಬಂದ ಮೋಸಿನ್‌ಗಳು 2000ದ ದಶಕದಲ್ಲೂ ನೂರು ಡಾಲರಿನೊಳಗೆ ಸಿಗುತ್ತಿದ್ದವು. ಮೈತುಂಬ ಕಾಸ್ಮೊಲಿನ್ ಎಂಬ ಕಂದು ಜಿಡ್ಡು. ಮೊದಲ ಚಳಿಗಾಲದ ಮೊದಲ ಕೆಲಸ ಅದನ್ನು ಬಿಸಿಮಾಡಿ ಬಟ್ಟೆಯಲ್ಲಿ ಒರೆಸಿ ತೆಗೆಯುವುದು. ಜೊತೆಗೆ ಬರುವ ಹಳೆಯ ಸೈನಿಕ ತೋಟಾಗಳಲ್ಲಿ ಇನ್ನೊಂದು ಅಪಾಯ ಅಡಗಿದೆ. ಅವುಗಳ ಕೇಪಿನಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಉರಿದು ನಳಿಗೆಯಲ್ಲಿ ಉಪ್ಪಿನಂಥ ಪದರ ಬಿಡುತ್ತದೆ, ಅದು ಗಾಳಿಯ ತೇವ ಹೀರಿ ಬೇಗನೆ ಉಕ್ಕನ್ನು ತಿನ್ನತೊಡಗುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ಎಷ್ಟು ಎಣ್ಣೆ ಸುರಿದರೂ ವ್ಯರ್ಥ. ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಚಳಿನಾಡಿನ ಇನ್ನೊಂದು ಎಚ್ಚರ, ಹೊರಗೆ ಹೆಪ್ಪುಗಟ್ಟಿದ ರೈಫಲನ್ನು ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಚೀಲದಿಂದ ತೆಗೆಯದಿರುವುದು. ತೆಗೆದರೆ ತಣ್ಣನೆಯ ಉಕ್ಕು ಅಡಿಯಿಂದ ಮುಡಿಯವರೆಗೆ ಬೆವರುತ್ತದೆ, ನೀರು ಮರದ ಸಂದಿಗಿಳಿದು ಕಣ್ಣಿಗೆ ಕಾಣದಲ್ಲಿ ತುಕ್ಕು ಹಿಡಿಸುತ್ತದೆ. ಮರಕ್ಕೆ ಮಾತ್ರ ಹೊಸ ವಾರ್ನಿಷ್ ಬೇಡ. ಎನ್‌ಫೀಲ್ಡಿನಂಥ ರೈಫಲುಗಳಿಗೆ ಕಾರ್ಖಾನೆಯಲ್ಲಿ ಊಡಿಸಿದ್ದು ಅಗಸೆ ಎಣ್ಣೆ, ಅಂಗೈಯಿಂದ ಉಜ್ಜುವುದೂ ಅದನ್ನೇ.

ಈ ಹವ್ಯಾಸದಲ್ಲಿ ತಪ್ಪಿಗೆ ದಂಡ ದೊಡ್ಡದು. ಮದ್ದು ಹಾಕಲು ಮರೆತ ತೋಟಾದಲ್ಲಿ ಕೇಪಿನ ಬಲಕ್ಕೇ ಗುಂಡು ನಳಿಗೆಯ ನಡುವೆ ಹೋಗಿ ಸಿಕ್ಕಿಕೊಳ್ಳಬಹುದು, ಗಮನಿಸದೆ ಮುಂದಿನದನ್ನು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಎರಡು ಪಟ್ಟು ಮದ್ದು, ಒಂದರ ಬದಲು ಇನ್ನೊಂದು ಮದ್ದು, ಇವೂ ಅಷ್ಟೇ ಅಪಾಯ. ಅದಕ್ಕೇ ಮೇಜಿನ ಮೇಲೆ ಒಮ್ಮೆಗೆ ಒಂದೇ ಮದ್ದಿನ ಡಬ್ಬ, ಕೆಲಸದ ನಡುವೆ ಮಾತಿಲ್ಲ, ಟಿವಿಯಿಲ್ಲ, ಧೂಮಪಾನವಂತೂ ಇಲ್ಲವೇ ಇಲ್ಲ. ತುಂಬಿದ ಕೇಸುಗಳ ಬಾಯೊಳಗೆ ದೀಪ ಹಿಡಿದು ಮದ್ದಿನ ಮಟ್ಟ ಒಂದೇ ಸಮ ಇದೆಯೇ ಎಂದು ನೋಡಿದ ಮೇಲಷ್ಟೇ ಗುಂಡು ಕೂರಿಸುವುದು. ಸುಟ್ಟ ಕೇಪಿನ ಧೂಳಿನಲ್ಲಿ ಸೀಸವಿರುವುದರಿಂದ ಮಕ್ಕಳನ್ನು ಹತ್ತಿರ ಬಿಡದೆ, ಕೈ ತೊಳೆಯದೆ ಊಟಕ್ಕೆ ಕೂರದೆ ಇರಬೇಕು.

ರೈಫಲಿನಲ್ಲೇ ದೋಷ ಇರುವುದೂ ಉಂಟು. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್ ನೋಡಲು ಚೆಂದ, ಗುರಿಗೆ ಹೆಸರಾದದ್ದು. ಆದರೆ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ತಯಾರಾದ, 8 ಲಕ್ಷಕ್ಕಿಂತ ಕಡಿಮೆ ಸಂಖ್ಯೆಯವುಗಳನ್ನು ಹಾರಿಸಬೇಡಿ ಎಂದು ಬಲ್ಲವರು ಹೇಳುತ್ತಾರೆ. ಆಗ ಕುಲುಮೆಯ ಕೆಲಸಗಾರರು ಉಕ್ಕಿನ ಕಾವನ್ನು ಅದರ ಕೆಂಪು ನೋಡಿ ಕಣ್ಣಂದಾಜಿನಲ್ಲಿ ನಿರ್ಧರಿಸುತ್ತಿದ್ದರು. ಬಿಸಿಲು ಪ್ರಖರವಾದ ದಿನ ಕಾದ ಉಕ್ಕು ಮಂಕಾಗಿ ಕಂಡು, ಇನ್ನಷ್ಟು ಕಾಯಿಸುತ್ತಿದ್ದರು. ಹಾಗೆ ಅತಿಯಾಗಿ ಕಾದ ರಿಸೀವರುಗಳು ಗಾಜಿನಂತೆ ಪೆಡಸಾದವು, ಕೆಲವು ಸಿಡಿದವು. ಮೊದಲ ಮಹಾಯುದ್ಧದ ಹೊತ್ತಿಗೆ ದೋಷ ಪತ್ತೆಯಾಗಿ ಉಷ್ಣಮಾಪಕ ಬಂತು. ಹಳೆಯ ರೈಫಲನ್ನು ಮೊದಲ ಸಲ ಹಾರಿಸುವ ಮುನ್ನ ಬಂದೂಕು ರಿಪೇರಿ ಬಲ್ಲವರಿಂದ ಅಳತೆ ಮಾಡಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಕನ್ನಡ ಓದುಗರಿಗೆ ಆಪ್ತವಾದ ಒಂದು ಹಳೆಯ ರೈಫಲೂ ಈ ಹವ್ಯಾಸಿಗಳಿಂದ ಬದುಕಿಕೊಂಡಿತು. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದಾಗ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನು ಓದಿದವರಿಗೆ ಅದು ಗೊತ್ತು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದೂ ಅದೇ ಬಗೆಯದು. ಆ ತೋಟಾದ ತಯಾರಿ ಮುಂದೆ ನಿಂತೇಹೋಯಿತು. ದಶಕಗಳ ಕಾಲ ಆ ರೈಫಲುಗಳು ಮಾತಾಡಿದ್ದು ಮನೆಯಲ್ಲಿ ತೋಟಾ ತುಂಬುವವರ ಮೇಜಿನಿಂದ. 2000ದ ದಶಕದಲ್ಲಿ ಹಾರ್ನಡಿ ಕಂಪನಿ ಅದನ್ನು ಮತ್ತೆ ಪೇಟೆಗೆ ತಂದಿತು.

ಭಾರತದಲ್ಲಿ ಈ ಹವ್ಯಾಸದ ದಾರಿ ತೀರ ಇಕ್ಕಟ್ಟು, ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. .303 ನಿಷೇಧಿತ ಅಳತೆಯ ಸಾಲಿಗೆ ಸೇರಿದ್ದು. ಸಾಮಾನ್ಯರಿಗೆಂದು ಇಶಾಪುರ ಅದೇ ಲೀ ಎನ್‌ಫೀಲ್ಡ್ ಮಾದರಿಯಲ್ಲಿ .315 ಬೇಟೆ ರೈಫಲ್ ಮಾಡಿತು. 2019ರ ತಿದ್ದುಪಡಿಯ ಬಳಿಕ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಕೊಡಗಿನದು ಬೇರೆಯೇ ಕಥೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 1861ರಿಂದ ಪರವಾನಗಿಯ ವಿನಾಯಿತಿ ನಡೆದುಬಂದಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಅಲ್ಲಿ ತೋಕ್, ಅಂದರೆ ಕೋವಿ, ಸಂಗ್ರಹದ ವಸ್ತುವಲ್ಲ, ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೊಳ್ಳುವ ಮನೆತನದ ಗುರುತು.

ಮಲೆನಾಡಿನ, ಕೊಡಗಿನ ಎಷ್ಟೋ ಮನೆಗಳಲ್ಲಿ ಅಜ್ಜ ಮುತ್ತಜ್ಜಂದಿರ ಕೋವಿ ಇನ್ನೂ ಇದೆ. ಇಳಿವಯಸ್ಸಾಯಿತು, ಕಾಡುಹಂದಿ ಕಾಯುವವರಿಲ್ಲ ಎಂದು ಅವು ಒಂದೊಂದಾಗಿ ಠಾಣೆಗೆ ಒಪ್ಪಿಸಲ್ಪಡುತ್ತಿವೆ. ಒಪ್ಪಿಸುವವರು ಅದಕ್ಕೂ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಲಿ. ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಹಗಲ ಬೆಳಕಿಗೆ ತಂದು, ನಳಿಗೆಯ ಮೇಲಿನ ತಯಾರಕನ ಹೆಸರು, ಮುದ್ರೆ, ಇಸವಿ, ಸಂಖ್ಯೆಗಳ ಫೋಟೊ ತೆಗೆದುಕೊಳ್ಳಲಿ. ಯಾರು, ಯಾವಾಗ, ಎಲ್ಲಿಂದ ತಂದರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಲಿ. ಮುದ್ರೆಯ ಮೇಲಿನ ಕಪ್ಪನ್ನು ಉಪ್ಪುಕಾಗದದಿಂದ ಮಾತ್ರ ಉಜ್ಜಬೇಡಿ.